ಹೂವಿನ ಮೇಲಿನ ಚಿಟ್ಟೆಗೆ ಕ್ಯಾನನ್ 100 ಮಿ.ಮೀ. ಮ್ಯಾಕ್ರೊ: ಮಲೆನಾಡಿನ ಬಳಕೆದಾರರ ದೃಷ್ಟಿಯಿಂದ

ಕ್ಯಾನನ್ ಕಂಪನಿಯ ಇಎಫ್ 100 ಮಿ.ಮೀ. ಎಫ್ 2.8 ಎಲ್ ಮ್ಯಾಕ್ರೊ ಐಎಸ್ ಲೆನ್ಸ್ 2009ರಲ್ಲಿ ಬಂದದ್ದು. ಮಿರರ್‌ಲೆಸ್ ಕ್ಯಾಮೆರಾಗಳಿಗೆಂದೇ ಮಾಡಿದ ಆರ್‌ಎಫ್ ಮಾದರಿ 2021ರಲ್ಲಿ ಹೊರಬಂದ ಮೇಲೂ ಹಳೆಯದನ್ನು ಅಡಾಪ್ಟರ್ ಹಾಕಿ ಬಳಸಬಹುದಾದ್ದರಿಂದ, ಅದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಕೆಂದಿರುವ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹವ್ಯಾಸಿಗಳಿಗಾಗಿ ಈ ವಿಮರ್ಶೆ. ಹೂವಿನ ಮೇಲೆ ಕುಳಿತ ಚಿಟ್ಟೆಯ ಕಣ್ಣು ಸ್ಪಷ್ಟವಾಗಿ ಮೂಡುತ್ತದೆಯೇ ಎಂಬ ಒಂದೇ ಪ್ರಶ್ನೆಯನ್ನು ಇಲ್ಲಿ ಇಟ್ಟುಕೊಂಡಿದ್ದೇನೆ. ಮೂಡುತ್ತದೆ; ಆದರೆ ಅದರ ಶ್ರೇಯಸ್ಸು ಹೆಚ್ಚಾಗಿ ಸಲ್ಲಬೇಕಾದದ್ದು ಲೆನ್ಸಿನ ಪಕ್ಕದಲ್ಲಿರುವ, ಯಾರೂ ಅಷ್ಟಾಗಿ ಮಾತನಾಡದ ಒಂದು ಸಣ್ಣ ಸ್ವಿಚ್ಚಿಗೆ.

ಮ್ಯಾಕ್ರೊ ಲೆನ್ಸ್ ಎಂದೊಡನೆ ಎಲ್ಲರೂ ಹೇಳುವುದು ಒಂದಕ್ಕೊಂದು ಅಳತೆಯ, ಅಂದರೆ ವಸ್ತು ತನ್ನ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡುವ ಚಿತ್ರದ ಬಗ್ಗೆ. ಚಿಟ್ಟೆಗಳ ವಿಷಯದಲ್ಲಿ ಅದು ಬೇಕಾಗುವುದು ಅಪರೂಪ. ನಮ್ಮ ರಾಜ್ಯದ ಚಿಟ್ಟೆಯಾದ ಸಹ್ಯಾದ್ರಿ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ ಸುಮಾರು 15 ಸೆಂ.ಮೀ. ಅಗಲವಿರುತ್ತದೆ, 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರನ್ನು ಅದು ತುಂಬಲು ಕಾಲು ಅಳತೆಯೇ ಸಾಕು. ಪೂರ್ಣ ಅಳತೆ ಬೇಕಾಗುವುದು ಹುಲ್ಲಿನ ನಡುವೆ ಹಾರಾಡುವ ಗ್ರಾಸ್ ಬ್ಲೂನಂಥ ಪುಟಾಣಿಗಳಿಗೆ ಮಾತ್ರ. ಆ ಅಳತೆಯಲ್ಲಿ ಚಿಟ್ಟೆಗೂ ಲೆನ್ಸಿನ ಮುಂಗಾಜಿಗೂ ನಡುವೆ ಉಳಿಯುವುದು ಒಂದು ಗೇಣಿಗೂ ಕಡಿಮೆ ಜಾಗ. ಜೊತೆಗೆ ಬರುವ, ಅಡ್ಡ ಬೆಳಕು ತಡೆಯುವ ಉದ್ದನೆಯ ಹುಡ್ ಹಾಕಿಕೊಂಡರೆ ಅದೂ ಇಲ್ಲ. ಹುಡ್ಡನ್ನು ಚೀಲದಲ್ಲೇ ಬಿಡುವುದು ಮೇಲು.

ಹತ್ತಿರ ಹೋದಷ್ಟೂ ಫೋಕಸ್‌ನಲ್ಲಿ ನಿಲ್ಲುವ ಪದರ ತೆಳುವಾಗುತ್ತ ಹೋಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಪೂರ್ಣ ಅಳತೆಗೆ ಎಫ್ 2.8 (ಬೆಳಕು ಒಳಬರುವ ರಂಧ್ರದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಕಿರಿದು) ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಅರ್ಧ ಮಿ.ಮೀ.ಗಿಂತ ಕಡಿಮೆ, ಎಫ್ 8ಕ್ಕೆ ಸುಮಾರು 1 ಮಿ.ಮೀ.; ಅರ್ಧ ಅಳತೆಗೆ ಇಳಿದರೆ ಅದೇ ಎಫ್ 8ರಲ್ಲಿ 3 ಮಿ.ಮೀ.ನಷ್ಟು ಸಿಗುತ್ತದೆ. ಇನ್ನಷ್ಟು ಆಳ ಸಿಗಲಿ ಎಂದು ಎಫ್ 16ಕ್ಕೆ ಹೋದರೆ, ಪೂರ್ಣ ಅಳತೆಯಲ್ಲಿ ಅದು ವಾಸ್ತವವಾಗಿ ಎಫ್ 32ರಂತೆ ವರ್ತಿಸಿ, ಬೆಳಕಿನ ವಿವರ್ತನೆಯಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮಂದವಾಗುತ್ತದೆ. ಆದ್ದರಿಂದ ಎಫ್ 8ರ ಆಸುಪಾಸಿನಲ್ಲೇ ಉಳಿದು, ರೆಕ್ಕೆ ಮಡಚಿ ಕುಳಿತ ಚಿಟ್ಟೆಗೆ ಸೆನ್ಸರು ಸಮಾನಾಂತರವಾಗುವಂತೆ ಪಕ್ಕಕ್ಕೆ ಸರಿದು ನಿಲ್ಲುವುದೇ ಸರಿಯಾದ ದಾರಿ. ಕಣ್ಣು, ಕುಡಿಮೀಸೆ, ರೆಕ್ಕೆಯ ಅಂಚು ಮೂರೂ ಒಂದೇ ಪದರದಲ್ಲಿ ಬರುವುದು ಹಾಗೆ ನಿಂತಾಗಲೇ.

ಈಗ ಆ ಸ್ವಿಚ್ಚಿನ ವಿಚಾರ. ಫೋಕಸ್ ಮಿತಿಯ ಈ ಸ್ವಿಚ್ಚಿಗೆ ಮೂರು ಸ್ಥಾನಗಳಿವೆ: ಪೂರ್ತಿ ದೂರ, 0.3ರಿಂದ 0.5 ಮೀಟರ್, 0.5 ಮೀಟರಿನಿಂದ ಅನಂತ. ಪೂರ್ತಿ ದೂರದಲ್ಲಿಟ್ಟಾಗ ಆಟೋಫೋಕಸ್ ಒಮ್ಮೆ ಚಿಟ್ಟೆಯನ್ನು ಬಿಟ್ಟು ಹಿಂದಿನ ಎಲೆಗೆ ಹೋಯಿತೆಂದರೆ, ಲೆನ್ಸು ಅತ್ತ ಕೊನೆಯವರೆಗೆ ಓಡಿ ಇತ್ತ ಮರಳುವಷ್ಟರಲ್ಲಿ ಹೂವು ಖಾಲಿಯಾಗಿರುತ್ತದೆ. ಸಣ್ಣವಕ್ಕೆ ಹತ್ತಿರದ ಮಿತಿ, ದೊಡ್ಡವಕ್ಕೆ ದೂರದ ಮಿತಿ ಎಂದು ಮೊದಲೇ ಇಟ್ಟುಕೊಂಡರೆ ಈ ಓಟ ಬಹುಪಾಲು ತಪ್ಪುತ್ತದೆ. ಅಲುಗುವ ವಸ್ತುವನ್ನು ಫೋಕಸ್ ಬಿಡದೆ ಹಿಂಬಾಲಿಸುವ ಎಐ ಸರ್ವೊದಲ್ಲಿ ಒಂದೇ ಬಿಂದುವನ್ನು ಕಣ್ಣಿನ ಮೇಲಿಟ್ಟು ನಾಲ್ಕಾರು ಚಿತ್ರಗಳನ್ನು ಒಟ್ಟಿಗೆ ತೆಗೆಯಬೇಕು. ಫೋಕಸ್ ಮಾಡಿ ಲಾಕ್ ಮಾಡಿಕೊಂಡು ಚೌಕಟ್ಟು ಬದಲಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಉಸಿರಾಟಕ್ಕೆ ಮೈ ಅಲುಗಿದಷ್ಟಕ್ಕೇ ಆ 1 ಮಿ.ಮೀ. ಕೈತಪ್ಪುತ್ತದೆ.

ಐಎಸ್ ಎಂಬ ಕಂಪನ ನಿವಾರಣೆಯಿಂದ ಹೆಚ್ಚು ನಿರೀಕ್ಷಿಸಬಾರದು. ಸಾಮಾನ್ಯ ದೂರದಲ್ಲಿ 4 ಸ್ಟಾಪ್ (ಒಂದೊಂದು ಸ್ಟಾಪಿಗೂ ಶಟರನ್ನು ಎರಡರಷ್ಟು ಹೊತ್ತು ತೆರೆದಿಡಬಹುದು) ಎನ್ನುವ ಅದರ ನೆರವು ಪೂರ್ಣ ಅಳತೆಯಲ್ಲಿ 2 ಸ್ಟಾಪ್‌ಗೆ ಇಳಿಯುತ್ತದೆ. ಅಲ್ಲದೆ ಅದು ತಡೆಯುವುದು ಕೈಯ ನಡುಕವನ್ನೇ ಹೊರತು, ಬ್ಯಾಣದ (ಹುಲ್ಲುಗಾವಲಿನ) ಗಾಳಿಗೆ ತೊನೆಯುವ ಲಂಟಾನದ ಹೂವನ್ನಲ್ಲ. ಅಲ್ಲಿ ಕೆಲಸಕ್ಕೆ ಬರುವುದು 1/500 ಸೆಕೆಂಡಿಗಿಂತ ವೇಗದ ಶಟರ್ ಮಾತ್ರ; ಅಡಿಕೆ ತೋಟದ ನೆರಳಿನಲ್ಲಿ ಅದಕ್ಕಾಗಿ, ಸೆನ್ಸರಿನ ಬೆಳಕಿನ ಸಂವೇದನೆ ಸೂಚಿಸುವ ಐಎಸ್‌ಒ 1600ಕ್ಕೋ 3200ಕ್ಕೋ ಏರಿದರೂ ಚಿಂತೆಯಿಲ್ಲ, ಚಿತ್ರದಲ್ಲಿ ಬರುವ ಗ್ರೇನ್ಸ್ (ಮರಳಿನಂಥ ಚುಕ್ಕೆಗಳು) ಕಡಿಮೆ ಮಾಡಬಹುದು, ಅಲುಗಿದ ಕಣ್ಣನ್ನು ಸರಿಪಡಿಸಲಾಗದು. ರಥಪುಷ್ಪದ ಮೇಲೆ ಮಕರಂದ ಹೀರುವ ಬ್ಲೂ ಮಾರ್ಮನ್ ಪೂರ್ತಿಯಾಗಿ ಕೂರುವುದೇ ಇಲ್ಲ: ಕಾಲುಗಳು ಹೂವನ್ನು ಸೋಕಿದಂತಿದ್ದು, ಮುಂದಿನ ರೆಕ್ಕೆಗಳು ಒಂದೇ ಸಮನೆ ಬಡಿಯುತ್ತಿರುತ್ತವೆ, ಹಿಂದಿನವು ಮಾತ್ರ ಹೆಚ್ಚು ಕಡಿಮೆ ಸ್ಥಿರ. ಹೀರುಕೊಳವೆ ಹೂವಿನೊಳಗೆ ಇಳಿದಾಗ ತಲೆಯೂ ಕ್ಷಣಕಾಲ ನಿಲ್ಲುತ್ತದೆ. ಆಗ ತೆಗೆದ ಚಿತ್ರದಲ್ಲಿ ಕಣ್ಣು ಚೂಪಾಗಿದ್ದು ಮುಂದಿನ ರೆಕ್ಕೆಯಂಚು ತುಸು ಮಸುಕಾದರೆ, ನನ್ನ ಮಟ್ಟಿಗೆ ಅದು ದೋಷವೇ ಅಲ್ಲ.

625 ಗ್ರಾಂ ತೂಕ ಬೆಳಗಿನ ಸುತ್ತಾಟಕ್ಕೆ ಭಾರವೆನಿಸದು. ಟ್ರೈಪಾಡ್ ಕಾಲರನ್ನು ಬೇರೆಯಾಗಿ ಕೊಳ್ಳಬೇಕು. ಚಿಟ್ಟೆಗಳಿಗಾಗಿ ಅದರ ಅಗತ್ಯವಿಲ್ಲ. ಎತ್ತರದ ಹೂಗಳ ಮೇಲಿನ ಬರ್ಡ್‌ವಿಂಗ್ ಒಂದೇ ಸಾಕೆನ್ನುವವರಿಗೆ 70–300 ಮಿ.ಮೀ. ಜೂಮ್ ಇದಕ್ಕಿಂತ ಹೆಚ್ಚು ಉಪಯುಕ್ತ. ಧೂಳು, ತುಂತುರು ಒಳಹೋಗದಂತೆ ಲೆನ್ಸಿಗೆ ರಕ್ಷಣೆಯಿದೆಯಾದರೂ ಆಗುಂಬೆಯ ಮಳೆಗಾಲದ ತೇವಕ್ಕೆ ಅದು ಸಾಲದು, ಒಳಗಾಜಿಗೆ ಬೂಷ್ಟು ಹಿಡಿಯಬಹುದು. ಬಳಸಿದ ಲೆನ್ಸನ್ನು ಕೊಳ್ಳುವಾಗ ಹಿಂಬದಿಯಿಂದ ಟಾರ್ಚ್ ಬಿಟ್ಟು, ಜೇಡರ ಬಲೆಯಂಥ ಎಳೆಗಳಿವೆಯೇ ಎಂದು ನೋಡಿದ ಮೇಲೆಯೇ ಹಣ ಕೊಡಬೇಕು.