52 ಕಿಲೋ ತೂಕದವಳಿಗೆ ಒಗ್ಗಿದ್ದು ಯಾವುದು: ಪ್ಯಾರಾಚೂಟ್, ಹೆಲ್ಮೆಟ್, ಜಂಪ್‌ಸೂಟ್‌ಗಳ ಹೋಲಿಕೆ

ವಿಮಾನದಿಂದ ಜಿಗಿಯುವ ಹವ್ಯಾಸ ನನಗಿದೆಯೆಂದು ಗೊತ್ತಾದ ಮೇಲೆ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯ ಹಲವು ಹೆಣ್ಣುಮಕ್ಕಳು ನನ್ನನ್ನು ಕೇಳಿರುವುದು ಒಂದೇ ಪ್ರಶ್ನೆ: ಯಾವ ಪ್ಯಾರಾಚೂಟ್ ಒಳ್ಳೆಯದು, ಯಾವ ಹೆಲ್ಮೆಟ್ ಕೊಳ್ಳಬೇಕು? ನಾನು ಮೊದಲು ಅವರ ತೂಕ ಕೇಳುತ್ತೇನೆ. ನನ್ನ ತೂಕ 52 ಕಿಲೋ. ಸಲಕರಣೆಗಳ ವಿಷಯದಲ್ಲಿ ನನಗೆ ಸಿಕ್ಕ ಸಲಹೆಗಳಲ್ಲಿ ಮುಕ್ಕಾಲು ಪಾಲು 80 ಕಿಲೋ ಮೇಲ್ಪಟ್ಟ ಗಂಡಸರ ಅನುಭವದಿಂದ ಬಂದವು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ನನ್ನ ಮೈಗೆ ಹೊಂದಲಿಲ್ಲ. ಮೈಸೂರಿನಲ್ಲಿ ತರಬೇತುದಾರರೊಬ್ಬರ ಎದೆಗೆ ಕಟ್ಟಿಸಿಕೊಂಡು ಮೊದಲ ಸಲ ಜಿಗಿದು, ಆಮೇಲೆ ಥಾಯ್ಲೆಂಡ್‌ನ ಪಟ್ಟಾಯದ ಬಳಿ ತರಬೇತಿ ಪಡೆದು, ರಜೆ ಸಿಕ್ಕಾಗಲೆಲ್ಲ ಅಲ್ಲಿಗೇ ಹೋಗಿಬಂದು ಈವರೆಗೆ 160 ಜಿಗಿತಗಳನ್ನು ಮುಗಿಸಿದ್ದೇನೆ. ಕೆಳಗೆ ಬರೆದಿರುವುದೆಲ್ಲ ಅಷ್ಟರಲ್ಲಿ ನನ್ನ ಮೈಮೇಲೆ ಹಾಕಿಕೊಂಡು ನೋಡಿದ ವಸ್ತುಗಳ ಮಾತು.

ತೂಕದ ಲೆಕ್ಕ ಮೊದಲು ತಿಳಿಯಬೇಕು. ಬೆನ್ನಿಗೆ ಕಟ್ಟುವ ಚೀಲ, ಅದರೊಳಗಿನ ಎರಡು ಪ್ಯಾರಾಚೂಟ್‌ಗಳು, ಹೆಲ್ಮೆಟ್, ಸೂಟ್, ಬೂಟು ಎಲ್ಲ ಸೇರಿ ವಿಮಾನದ ಬಾಗಿಲಿನಲ್ಲಿ ನನ್ನ ತೂಕ ಸುಮಾರು 65 ಕಿಲೋ, ಅಂದರೆ 143 ಪೌಂಡ್ ಆಗುತ್ತದೆ. ಈ ಪೌಂಡ್‌ಗಳನ್ನು ಪ್ಯಾರಾಚೂಟ್ ಬಟ್ಟೆಯ ಚದರಡಿಗಳಿಂದ ಭಾಗಿಸಿದರೆ ಬರುವ ಅಂಕಿಗೆ ವಿಂಗ್ ಲೋಡಿಂಗ್ ಎನ್ನುತ್ತಾರೆ. ಅದು 1ನ್ನು ಮೀರಬಾರದೆಂದು ಹೊಸಬರಿಗೆ ಎಲ್ಲೆಡೆ ಹೇಳಿಕೊಡುತ್ತಾರೆ. ತೀರಾ ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಮಾತ್ರ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ತರಬೇತಿಯಲ್ಲಿ ನನಗೆ ಕೊಟ್ಟದ್ದು 220 ಚದರಡಿಯ ಕ್ಯಾನಪಿ, ಅಂದರೆ ಬಿಚ್ಚಿಕೊಂಡು ನಮ್ಮನ್ನು ಹೊರುವ ಪ್ಯಾರಾಚೂಟ್ ಬಟ್ಟೆ. ಲೋಡಿಂಗ್ ಬರೀ 0.65. ನೆಲದ ಮೇಲೆ ಗಾಳಿ ಗಂಟೆಗೆ 12 ಮೈಲಿಯಿತ್ತು. ಅಮೆರಿಕದ ಪ್ಯಾರಾಚೂಟ್ ಸಂಘ ವಿದ್ಯಾರ್ಥಿಗಳಿಗೆ ಹಾಕಿರುವ 14 ಮೈಲಿಯ, ಅಂದರೆ ಸುಮಾರು 22 ಕಿಲೋಮೀಟರಿನ ಮಿತಿಯೊಳಗೇ ಇತ್ತು. ಆದರೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಬೀಸುವ ಗಾಳಿಗೂ ಜೋಗಿಮಟ್ಟಿಯ ಗಾಳಿಯಂತ್ರಗಳ ಬಳಿ ಬೀಸುವ ಗಾಳಿಗೂ ಆಷಾಢದಲ್ಲಿ ಎಷ್ಟು ಅಂತರವಿದೆಯೆಂದು ಬಲ್ಲವರಿಗೆ ಮುಂದಿನದು ತಾನೇ ಅರ್ಥವಾಗುತ್ತದೆ. ಸಾವಿರ ಅಡಿಯ ಎತ್ತರದಲ್ಲಿ ಗಾಳಿಗೆ ಎದುರು ಮುಖ ಮಾಡಿದ ನಾನು, ನನ್ನ ಕ್ಯಾನಪಿಯ ವೇಗಕ್ಕಿಂತ ಗಾಳಿಯ ವೇಗವೇ ಹೆಚ್ಚಾದ್ದರಿಂದ, ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಸರಿಯುತ್ತಾ ಇಳಿಯುವ ಬಯಲನ್ನು ದಾಟಿ ಪಕ್ಕದ ಮರಗೆಣಸಿನ ಹೊಲದಲ್ಲಿ ಕೂತೆ. ಅದೇ ಅಳತೆಯ ಕ್ಯಾನಪಿಯಲ್ಲಿ ಅದೇ ಹೊತ್ತಿನಲ್ಲಿ 85 ಕಿಲೋ ತೂಕದ ಸಹಪಾಠಿ ಬಯಲಿನ ನಡುವೆಯೇ ಇಳಿದಿದ್ದ. ದೊಡ್ಡ ಕ್ಯಾನಪಿ ಸುರಕ್ಷಿತ ಎಂಬ ಮಾತು ಹಗುರ ದೇಹದವರಿಗೆ ಗಾಳಿ ಶಾಂತವಾಗಿದ್ದಾಗ ಮಾತ್ರ ನಿಜ ಎಂಬುದು ಆ ಹೊಲದಲ್ಲಿ ನನಗೆ ಮನದಟ್ಟಾಯಿತು.

ಆದ್ದರಿಂದ, ಲೈಸೆನ್ಸ್‌ಗೆ ಬೇಕಾದ 25 ಜಿಗಿತಗಳು ಮುಗಿದ ಮೇಲೆ, ತರಬೇತುದಾರರ ಒಪ್ಪಿಗೆಯ ಮೇರೆಗೆ ಮೊದಲು 190, ಅನಂತರ 170 ಚದರಡಿಗೆ ಇಳಿದೆ. ಇಲ್ಲಿಂದ ನಿಜವಾದ ಹೋಲಿಕೆ ಆರಂಭವಾಗುತ್ತದೆ, ಏಕೆಂದರೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಎರಡು ಬಗೆಯ ಕ್ಯಾನಪಿಗಳನ್ನು ತಲಾ 30 ಸಲ ಹಾರಿಸುವ ಅವಕಾಶ ನನಗೆ ಸಿಕ್ಕಿತು: ಏಳು ಸೆಲ್‌ಗಳ ಸ್ಪೆಕ್ಟರ್ 170 ಮತ್ತು ಒಂಬತ್ತು ಸೆಲ್‌ಗಳ ಪೈಲಟ್ 168. ಇಂದಿನ ಪ್ಯಾರಾಚೂಟ್ ದುಂಡಗಿನ ಕೊಡೆಯಲ್ಲ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ, ಎದುರು ಬಾಯಿಯಿಂದ ಗಾಳಿ ತುಂಬಿಕೊಂಡು ರೆಕ್ಕೆಯ ಆಕಾರ ತಾಳುವ ಬಟ್ಟೆಯ ಚೀಲಗಳ ಸಾಲು. ಆ ಚೀಲಗಳೇ ಸೆಲ್‌ಗಳು. ಏಳು ಸೆಲ್‌ನದು ಅಗಲ ಕಡಿಮೆ, ಒಂಬತ್ತರದು ಉದ್ದನೆಯ ರೆಕ್ಕೆ.

ಬಿಚ್ಚಿಕೊಳ್ಳುವ ಹೊತ್ತಿನಲ್ಲಿ ಎರಡೂ ಮೃದುವೇ. ಸ್ಪೆಕ್ಟರ್‌ನಲ್ಲಿ ಹಗ್ಗಗಳ ಮೇಲಿನ ಸ್ಲೈಡರ್, ಅಂದರೆ ಕ್ಯಾನಪಿ ಒಮ್ಮೆಲೇ ಬಿಚ್ಚಿಕೊಳ್ಳದಂತೆ ತಡೆಯುವ ಬಟ್ಟೆಯ ತುಂಡು, ನಿಧಾನವಾಗಿ ಕೆಳಗೆ ಬರುವುದನ್ನು ತಲೆಯೆತ್ತಿ ನೋಡುವಷ್ಟು ಸಮಯವಿರುತ್ತದೆ, ಮತ್ತು ಕ್ಯಾನಪಿ ನಾನು ಮುಖ ಮಾಡಿದ ದಿಕ್ಕಿಗೇ ಬಿಚ್ಚಿಕೊಳ್ಳುತ್ತದೆ. ಇದನ್ನು ನಾನು ಬಹಳ ದೊಡ್ಡ ಗುಣವೆಂದು ಎಣಿಸುತ್ತೇನೆ. ಹಿಂದೊಮ್ಮೆ ಬಾಡಿಗೆಗೆ ಪಡೆದ, ಬೇರೊಂದು ಕಂಪನಿಯ ಹಳೆಯ ಒಂಬತ್ತು ಸೆಲ್ ಕ್ಯಾನಪಿ ಬಿಚ್ಚಿಕೊಳ್ಳುವಾಗಲೇ ಒಂದು ಕಡೆಗೆ ಎಳೆದು, ಹಗ್ಗಗಳು ನನ್ನ ಕತ್ತಿನ ಹಿಂದೆ ಮೂರು ಸುತ್ತು ಹೊಸೆದುಕೊಂಡಿದ್ದವು. ಜೋಕಾಲಿಯ ಹಗ್ಗವನ್ನು ಹುರಿ ಮಾಡಿ ಬಿಟ್ಟಾಗ ತಿರುಗುವಂತೆಯೇ ಕಾಲುಗಳನ್ನು ಒದೆದು ತಿರುಗಿಸಿಕೊಂಡು ಬಿಡಿಸಿದೆ. ಹಗುರ ಲೋಡಿಂಗ್ ಇದ್ದುದರಿಂದ ಕ್ಯಾನಪಿ ಮೇಲೆ ಸ್ಥಿರವಾಗಿ ನಿಂತಿತ್ತು. ಭಾರದ ದೇಹಕ್ಕೆ ಸಣ್ಣ ಕ್ಯಾನಪಿಯಾಗಿದ್ದರೆ ಅದು ಸುರುಳಿ ಸುತ್ತುತ್ತಾ ಕೆಳಗಿಳಿಯುವ ಅಪಾಯವಿರುತ್ತಿತ್ತು. ಹಗುರವಾಗಿರುವುದರ ಲಾಭವೂ ಹೀಗೆ ಉಂಟು.

ಬಿಚ್ಚಿಕೊಂಡ ಮೇಲೆ ಪೈಲಟ್‌ನ ಕೈ ಮೇಲಾಗುತ್ತದೆ. ಅದು ಚಪ್ಪಟೆಯಾಗಿ ದೂರ ಸಾಗುತ್ತದೆ. ವಿಮಾನ ನಮ್ಮನ್ನು ಬಯಲಿನಿಂದ ದೂರದಲ್ಲಿ ಬಿಟ್ಟ ದಿನ ಅದರಲ್ಲಿ ಮರಳಿ ಬರಬಲ್ಲೆನೆಂಬ ಭರವಸೆ ಇರುತ್ತದೆ. ಇಳಿಯುವಾಗ, ಕ್ಯಾನಪಿಯನ್ನು ತಿರುಗಿಸುವ ಮತ್ತು ನಿಧಾನಿಸುವ ಹಿಡಿಗಳಾದ ಎರಡೂ ಟಾಗಲ್‌ಗಳನ್ನು ಎಳೆದರೆ ಅದು ನೆಲಕ್ಕೆ ಸಮನಾಗಿ ನಾಲ್ಕು ಹೆಜ್ಜೆ ಹೆಚ್ಚೇ ತೇಲಿ ಪಾದಗಳನ್ನು ಮೆಲ್ಲಗೆ ಇಡುತ್ತದೆ. ಸ್ಪೆಕ್ಟರ್ ಹೆಚ್ಚು ಕಡಿದಾಗಿ ಇಳಿಯುವುದರಿಂದ ಟಾಗಲ್ ಎಳೆಯುವ ಗಳಿಗೆಯನ್ನು ತಪ್ಪದೆ ಹಿಡಿಯಬೇಕು. 0.84ರ ಲೋಡಿಂಗ್‌ನಲ್ಲಿ ನನಗೆ ಆ ಗಳಿಗೆ ಕೈಗೆ ಹತ್ತಲು ಹದಿನೈದು ಜಿಗಿತಗಳು ಬೇಕಾದವು. ಅದೇ ಕಡಿದಾದ ಇಳಿತ ಗಾಳಿಯ ದಿನ ನನ್ನ ಪಾಲಿಗೆ ವರವಾಯಿತು, ಚಿಕ್ಕ ಜಾಗಕ್ಕೆ ಗುರಿಯಿಟ್ಟು ಇಳಿಯುವುದು ಅದರಲ್ಲಿ ಸುಲಭ. ಬೆನ್ನಿನಲ್ಲಿರುವ ತುರ್ತು ಪ್ಯಾರಾಚೂಟ್‌ಗಳು ಬಹುಪಾಲು ಏಳು ಸೆಲ್‌ನವೇ ಆಗಿರುವುದರಿಂದ, ಎಂದಾದರೂ ಅದರಲ್ಲಿ ಇಳಿಯಬೇಕಾದ ದಿನ ಕೈಗೆ ಪರಿಚಯವಿರಲಿ ಎಂಬುದೂ ನನ್ನ ಲೆಕ್ಕದಲ್ಲಿತ್ತು. ಕೊನೆಗೆ ಕೊಂಡದ್ದು ಸ್ಪೆಕ್ಟರ್. ಇದೇ ಹೋಲಿಕೆಯನ್ನು 80 ಕಿಲೋ ತೂಕದವರು ಮಾಡಿದ್ದರೆ ಪೈಲಟ್‌ ಅನ್ನೇ ಆರಿಸುತ್ತಿದ್ದರೋ ಏನೋ, ಅವರಿಗೆ ಗಾಳಿಯೊಡನೆ ನನ್ನಷ್ಟು ಗುದ್ದಾಟವಿರುವುದಿಲ್ಲ.

ಬಟ್ಟೆಯ ವಿಷಯದಲ್ಲಿ ನನಗಿಂತ ಚೆನ್ನಾಗಿ ತೀರ್ಪು ಕೊಟ್ಟವರು ಅಪ್ಪ. ಹತ್ತಿ ಗಿರಣಿಗಳಿದ್ದ ನಮ್ಮ ದಾವಣಗೆರೆಯಲ್ಲಿ, ಚೌಕಿಪೇಟೆಯ ಸಣ್ಣ ಅಂಗಡಿಯಲ್ಲಿ, ಅವರು ಮೂವತ್ತು ವರ್ಷ ಟೈಲರ್ ಕೆಲಸ ಮಾಡಿದವರು. ಪ್ಯಾರಾಚೂಟ್ ರಿಪೇರಿಯವರಿಂದ ತಂದಿದ್ದ ಎರಡು ಚೂರುಗಳನ್ನು ಅವರ ಕೈಗಿಟ್ಟೆ: ಒಂದು ಎಫ್-111 ಎಂಬ ಹಳೆಯ ಬಗೆಯ ನೈಲಾನ್, ಇನ್ನೊಂದು ಸಿಲಿಕೋನ್ ಲೇಪವಿರುವ ಜೀರೋ ಪೊರಾಸಿಟಿ ಬಟ್ಟೆ. ಅವರು ಮೊದಲನೆಯದನ್ನು ತುಟಿಗೆ ಒತ್ತಿ ಹಿಡಿದು ಊದಿ, ಹಿಂಬದಿಯಲ್ಲಿ ಅಂಗೈ ಇಟ್ಟು ಗಾಳಿ ತಾಕುವುದನ್ನು ನೋಡಿದರು. ಎರಡನೆಯದನ್ನು ಊದಿದಾಗ ಅವರ ಕೆನ್ನೆಗಳೇ ಉಬ್ಬಿದವು. “ಗಾಳಿ ಒಂಚೂರೂ ಹೋಗಲ್ಲ ನೋಡವ್ವ, ಹಾಳೆ ಇದ್ದಂಗೈತೆ” ಎಂದರು. ಆಮೇಲೆ ಬೆಳಕಿಗೆ ಹಿಡಿದು, ಎರಡರಲ್ಲೂ ಅಲ್ಲಲ್ಲಿ ದಪ್ಪ ಎಳೆ ಸೇರಿಸಿ ನೇಯ್ದ ಸಣ್ಣ ಚೌಕಳಿಯನ್ನು ಉಗುರಿನಿಂದ ತೋರಿಸಿ, ಹರಿದರೂ ಆ ಎಳೆಗೆ ಬಂದು ಹರುಕು ನಿಲ್ಲುತ್ತದೆ ಎಂದು ತಾವೇ ಹೇಳಿದರು. ರಿಪ್‌ಸ್ಟಾಪ್ ಎಂಬ ಹೆಸರಿನ ಅರ್ಥವೇ ಅದು. ಎಫ್-111 ಬಟ್ಟೆ ಮಡಿಸಲು ಸುಲಭ, ಆದರೆ ಕೆಲವು ನೂರು ಜಿಗಿತಗಳಲ್ಲಿ ಗಾಳಿ ಸೋರುವುದು ಹೆಚ್ಚಾಗಿ ಇಳಿಯುವಿಕೆ ಗಡಸಾಗುತ್ತದೆ. ಜೀರೋ ಪೊರಾಸಿಟಿ ಬಟ್ಟೆ ಬಹಳ ಕಾಲ ಹಾಗೆಯೇ ಇರುತ್ತದೆ, ಆದರೆ ಹೊಸದರಲ್ಲಿ ಮೀನಿನಂತೆ ಜಾರುತ್ತದೆ. ಅದನ್ನು ಮಡಿಸಿ ಮೊಣಕಾಲಿನಿಂದ ಗಾಳಿ ಹೊರದೂಡಿ ಚೀಲದೊಳಕ್ಕೆ ಸೇರಿಸುವುದರಲ್ಲಿ ಹಗುರ ದೇಹ ನಿಜಕ್ಕೂ ಸೋಲುತ್ತದೆ. ಮೊದಮೊದಲು ನನಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಹೆಲ್ಮೆಟ್‌ಗಳ ವಿಷಯ ಇಷ್ಟು ಸೂಕ್ಷ್ಮವಲ್ಲ. ನಾನು ಮೂರನ್ನು ಬಳಸಿದ್ದೇನೆ. ತರಬೇತಿಯಲ್ಲಿ ಕೊಡುವ, ಮುಖ ತೆರೆದಿರುವ ಗಟ್ಟಿ ಹೆಲ್ಮೆಟ್‌ನಲ್ಲಿ ಕಿವಿ ಚೆನ್ನಾಗಿ ಕೇಳುತ್ತದೆ, ತುರ್ತಿನಲ್ಲಿ ಎಳೆಯಬೇಕಾದ ಎದೆಯ ಮೇಲಿನ ಹಿಡಿಗಳು ಕಣ್ಣಿಗೆ ಸರಿಯಾಗಿ ಬೀಳುತ್ತವೆ. ಆದರೆ 13,000 ಅಡಿಯಲ್ಲಿ, ಸಾವಿರ ಅಡಿಗೆ ಸುಮಾರು 2 ಡಿಗ್ರಿಯಂತೆ ಚಳಿ ಏರಿರುವಾಗ, ಗಾಗಲ್‌ನ ಅಂಚಿನಿಂದ ಗಾಳಿ ನುಗ್ಗಿ ಕಣ್ಣೀರು ಬರುತ್ತದೆ. ಎರಡನೆಯದು ಮುಖವನ್ನೆಲ್ಲ ಮುಚ್ಚುವ, ಕೈಬದಲಾಗಿ ಬಂದ ಒಂದು ಹೆಲ್ಮೆಟ್. ಪಟ್ಟಾಯದ ತೇವದ ಗಾಳಿಯಲ್ಲಿ, ವಿಮಾನ ಮೇಲೇರುವ ಹದಿನೈದು ನಿಮಿಷದಲ್ಲೇ ಅದರ ಗಾಜು ನನ್ನ ಉಸಿರಿನಿಂದ ಮಸುಕಾಗುತ್ತಿತ್ತು. ಮೂರನೆಯದು ಕುಕೀ ಜಿ4. ಯುರೋಪಿನಲ್ಲಿ ಸ್ಕೈಡೈವಿಂಗ್ ಹೆಲ್ಮೆಟ್‌ಗಳಿಗೆಂದೇ ರೂಪಿಸಿದ ಎಕ್ಸ್‌ಪಿ ಎಸ್ 72-600 ಎಂಬ ಮಾನದಂಡದ ಪ್ರಕಾರ ಪೆಟ್ಟಿನ ಪರೀಕ್ಷೆಗೆ ಒಳಗಾಗಿರುವುದು ಅದನ್ನು ಆರಿಸಲು ನನಗೆ ಮುಖ್ಯ ಕಾರಣ. ಬೈಕಿನ ಹೆಲ್ಮೆಟ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು: ಅದರ ಗದ್ದದ ಭಾಗ ಎದೆಯ ಮೇಲಿನ ಹಿಡಿಗಳನ್ನು ಮರೆಮಾಡುತ್ತದೆ, ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಎಳೆತದಲ್ಲಿ ಅದರ ಭಾರ ಸಪೂರ ಕತ್ತಿಗೆ ಬೀಳುತ್ತದೆ. ಹೆಣ್ಣುಮಕ್ಕಳು ಇನ್ನೊಂದನ್ನು ಗಮನಿಸಬೇಕು. ಹೆಲ್ಮೆಟ್ ಕೊಳ್ಳುವ ಮುನ್ನ ಕೂದಲನ್ನು ಜಿಗಿಯುವ ದಿನ ಹೇಗೆ ಹೆಣೆಯುವಿರೋ ಹಾಗೇ ಹೆಣೆದು ಅಳತೆ ನೋಡಿ. ತುರುಬು ಕಟ್ಟಿದರೆ ಹಿಂಬದಿ ಎತ್ತಿಕೊಳ್ಳುತ್ತದೆ. ಕೆಳಗಿಳಿಬಿಟ್ಟ ಒಂದೇ ಜಡೆಯನ್ನು ಸೂಟ್‌ನ ಕಾಲರ್ ಒಳಗೆ ಸೇರಿಸುವುದೇ ಸರಿ.

ಜಂಪ್‌ಸೂಟ್ ಅಲಂಕಾರದ ವಸ್ತುವಲ್ಲ, ಬೀಳುವ ವೇಗವನ್ನು ಹಿಡಿತದಲ್ಲಿಡುವ ಸಾಧನ. ಹೊಟ್ಟೆ ಕೆಳಗಾಗಿ ಬೀಳುವವರ ಸಾಮಾನ್ಯ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಭಾರದವರು ಅದಕ್ಕಿಂತ ವೇಗವಾಗಿ ಬೀಳುತ್ತಾರಾದ್ದರಿಂದ ಅವರಿಗೆ ದೊಗಲೆ ಸೂಟ್, ಹಗುರದವರಿಗೆ ಬಿಗಿ ಸೂಟ್. ಬಾಡಿಗೆಯ ದೊಗಲೆ ಸೂಟ್‌ನಲ್ಲಿ ನಾಲ್ವರು ಕೈ ಹಿಡಿದು ವೃತ್ತ ಕಟ್ಟಲು ಹೊರಟಾಗ ಮೂವರು ನನ್ನ ಕಾಲ ಕೆಳಗೆ ಸಣ್ಣದಾಗುತ್ತಾ ಹೋದರು, ನಾನು ಮೇಲೆಯೇ ಉಳಿದೆ. ಆ ಬೇಸರದಲ್ಲಿ ಊರಿಗೆ ಬಂದು ಅಪ್ಪನ ಹತ್ತಿರ ಸೂಟ್ ಹೊಲಿಸಿದೆ. ಎದೆಗೆ ಮತ್ತು ತೊಡೆಗೆ ನುಣುಪಾದ ನೈಲಾನ್, ತೋಳಿಗೆ ಲೈಕ್ರಾ, ಮೊಣಕಾಲಿಗೆ ಸ್ಕೂಲ್ ಬ್ಯಾಗಿನ ದಪ್ಪ ಬಟ್ಟೆಯ ಎರಡು ಪದರ.

ಅದರ ಮೊದಲ ರೂಪದಲ್ಲಿ ಒಂದು ದೊಡ್ಡ ತಪ್ಪಿತ್ತು, ತಪ್ಪು ನನ್ನದೇ. ಅಂಗಿ ಮತ್ತು ಪ್ಯಾಂಟ್ ಬೇರೆ ಬೇರೆ ಇರಲೆಂದು ನಾನೇ ಹೇಳಿದ್ದೆ. ವಿಮಾನ ಹತ್ತುವ ಮುನ್ನ ನೆಲದ ಮೇಲೆ ಪರೀಕ್ಷಿಸುವಾಗ ತರಬೇತುದಾರರು ಬಗ್ಗಲು ಹೇಳಿದರು. ಬಗ್ಗಿದೊಡನೆ ಅಂಗಿಯ ಅಂಚು ಹೊರಬಂದು, ಚೀಲದ ತಳದಲ್ಲಿ ಬೆನ್ನಿನ ಕೆಳಗಿರುವ ಪ್ಯಾರಾಚೂಟ್ ಎಳೆಯುವ ಹಿಡಿಯ ಮೇಲೆ ಬಿತ್ತು. ಬೀಳುವ ರಭಸದಲ್ಲಿ ಆ ಬಟ್ಟೆ ಪಟಪಟ ಬಡಿಯುತ್ತಿರುವಾಗ ಹಿಡಿಗಾಗಿ ಕೈ ತಡಕಾಡಿದ್ದರೆ ಅಮೂಲ್ಯ ಕ್ಷಣಗಳು ಕಳೆದುಹೋಗುತ್ತಿದ್ದವು. ಅವರು ಅಂದು ನನಗೆ ಜಿಗಿಯಲು ಬಿಡಲಿಲ್ಲ. ಅವರಿಗೆ ನಾನು ಇಂದಿಗೂ ಋಣಿ. ಅಪ್ಪ ಎರಡನ್ನೂ ಸೊಂಟದಲ್ಲಿ ಕೂಡಿಸಿ, ಕತ್ತಿನಿಂದ ಎಡ ತೊಡೆಯವರೆಗೆ ಒಂದೇ ಜಿಪ್ ಇಟ್ಟು ಮತ್ತೆ ಹೊಲಿದುಕೊಟ್ಟರು. ಪದ್ಮಶ್ರೀ ಶೀತಲ್ ಮಹಾಜನ್ 2018ರಲ್ಲಿ ಇದೇ ಥಾಯ್ಲೆಂಡ್‌ನಲ್ಲಿ ನೌವಾರಿ ಸೀರೆಯುಟ್ಟು ಜಿಗಿಯಲಿಲ್ಲವೇ ಎಂದು ಅಮ್ಮ ಕೇಳುತ್ತಾರೆ. ಅದು ಕಚ್ಚೆ ಹಾಕಿ ಉಡುವ ಸೀರೆ, ಜೊತೆಗೆ ಅವರದು ನೂರಾರು ಜಿಗಿತಗಳ ಅನುಭವ. ಸಡಿಲ ಬಟ್ಟೆ ಎಲ್ಲಿ ಹಾರುತ್ತದೆಂದು ಅವರು ಬಲ್ಲರು, ನಾನು ಆಗ ಬಲ್ಲವಳಾಗಿರಲಿಲ್ಲ.

ಅಪ್ಪನ ಸೂಟ್ ಮತ್ತು ಅಳತೆ ಕೊಟ್ಟು ವಿದೇಶದಿಂದ ತರಿಸಿದ ಸೂಟ್ ಎರಡನ್ನೂ ಕೆಳಗಿನಿಂದ ಗಾಳಿ ಊದಿ ಮೈಯನ್ನು ತೇಲಿಸುವ ಹೈದರಾಬಾದಿನ ಗಾಳಿ ಸುರಂಗದಲ್ಲಿ ಒಂದೇ ದಿನ ಹಾಕಿ ನೋಡಿದೆ. ಬಾಡಿಗೆಯ ದೊಗಲೆ ಸೂಟ್‌ನಲ್ಲಿ ಗಂಟೆಗೆ 165 ಕಿಲೋಮೀಟರ್ ಗಾಳಿಗೇ ತೇಲಿಬಿಡುತ್ತಿದ್ದವಳು, ಅಪ್ಪನ ಸೂಟ್‌ನಲ್ಲಿ 178ಕ್ಕೆ, ತರಿಸಿದ ಸೂಟ್‌ನಲ್ಲಿ 180ಕ್ಕೆ ತೇಲಿದೆ. ಬೀಳುವ ವೇಗದಲ್ಲಿ ಎರಡಕ್ಕೂ ಅಂತರವೇ ಇಲ್ಲವೆನ್ನಬಹುದು, ಖರ್ಚಿನಲ್ಲಿ ಅಪ್ಪನದು ಹತ್ತನೇ ಒಂದು ಪಾಲೂ ಆಗಲಿಲ್ಲ. ಅಂತರ ಕಂಡದ್ದು ಬೇರೆ ಎರಡು ಕಡೆ. ತರಿಸಿದ ಸೂಟ್‌ಗೆ ಬೂಟಿನ ಮೇಲೆ ಎಳೆದುಕೊಳ್ಳುವ ಬೂಟಿಗಳಿವೆ. ಕಾಲು ಚಾಚಿದರೆ ಅವು ಗಾಳಿಯನ್ನು ಹಿಡಿದು ಮುಂದಕ್ಕೆ ನೂಕುತ್ತವೆ, ಅದರಿಂದ ಜೊತೆಯವರ ಬಳಿಗೆ ಸರಿಯುವುದು ಸಲೀಸಾಗುತ್ತದೆ. ಇನ್ನೊಂದು, ಜೊತೆಯವರು ಹಿಡಿಯಲೆಂದು ತೋಳು ತೊಡೆಗಳಿಗೆ ಹೊಲಿದಿರುವ ಉಬ್ಬು ಹಿಡಿಗಳು. ಅಪ್ಪ ಬಟ್ಟೆಯನ್ನು ಸುರುಳಿ ಸುತ್ತಿ ತುಂಬಿದ್ದ ಹಿಡಿಗಳು ಹತ್ತು ಜಿಗಿತಗಳಲ್ಲಿ ಚಪ್ಪಟೆಯಾಗಿ ಬೆರಳಿಗೆ ಸಿಗದಾದವು. ಒಬ್ಬಳೇ ಜಿಗಿಯುವ ದಿನ ಅಪ್ಪನ ಸೂಟ್, ಗುಂಪಿನಲ್ಲಿ ಜಿಗಿಯುವ ದಿನ ತರಿಸಿದ್ದು ಎಂದು ಹಂಚಿಕೊಂಡಿದ್ದೇನೆ. ಬಿಗಿ ಸೂಟ್‌ನ ಬದಲು ಸೀಸದ ತೂಕದ ಬೆಲ್ಟ್ ಕಟ್ಟಿಕೊಳ್ಳಲು ಹೇಳುವವರೂ ಇದ್ದಾರೆ. ನಾಲ್ಕು ಜಿಗಿತಗಳಲ್ಲಿ 3 ಕಿಲೋ ಕಟ್ಟಿ ನೋಡಿದೆ. ಬೀಳುವ ವೇಗ ಸರಿಹೋದರೂ ಇಳಿಯುವಾಗ ಆ ಭಾರ ಮೊಣಕಾಲಿಗೆ ಬಂತು. ಸೂಟ್‌ನಿಂದ ಆಗುವ ಕೆಲಸಕ್ಕೆ ಸೀಸ ಬೇಡ.

ಈಗ ಜೊತೆಯವರು 150 ಚದರಡಿಯ ಕ್ಯಾನಪಿಗೆ ಇಳಿಯಲು ಹೇಳುತ್ತಿದ್ದಾರೆ. ಲೆಕ್ಕ ಹಾಕಿದರೆ ಲೋಡಿಂಗ್ 0.95, ಮಿತಿಯೊಳಗೇ ಇದೆ. ಆದರೆ ಕ್ಯಾನಪಿ ಚಿಕ್ಕದಾದಷ್ಟೂ ಹಗ್ಗಗಳು ಗಿಡ್ಡವಾಗಿ, ಅಂಕಿ ಅದೇ ಇದ್ದರೂ ತಿರುವು ಚುರುಕಾಗುತ್ತದೆ. 85 ಕಿಲೋದವರ 0.95ಕ್ಕೂ ನನ್ನ 0.95ಕ್ಕೂ ನಡತೆಯಲ್ಲಿ ವ್ಯತ್ಯಾಸವಿದೆ. ಅಲ್ಲದೆ ಪಟ್ಟಾಯದ ಬಯಲು ಸಮುದ್ರಮಟ್ಟದ ಸಮೀಪದ್ದು, ನಮ್ಮ ದಾವಣಗೆರೆ ಸುಮಾರು 600 ಮೀಟರ್ ಮೇಲಿರುವ ಊರು. ಬೇಸಿಗೆಯ ಬಿಸಿಲಿನಲ್ಲಿ ಇಲ್ಲಿನ ತೆಳು ಗಾಳಿಯಲ್ಲಿ ಅದೇ ಕ್ಯಾನಪಿ ಇನ್ನಷ್ಟು ವೇಗವಾಗಿ ಇಳಿಯುತ್ತದೆ, ಮತ್ತು ನಾನು ಎಂದಾದರೂ ಈ ಕಡೆಯ ಬಯಲಿನಲ್ಲಿ ಇಳಿಯುವ ಆಸೆ ಇಟ್ಟುಕೊಂಡವಳು. ಸ್ಪೆಕ್ಟರ್ 170ರಲ್ಲೇ ಇನ್ನೂ 50 ಜಿಗಿತಗಳನ್ನು ಮುಗಿಸಿ, ಗಾಳಿಯ ದಿನಗಳಲ್ಲೂ ಗುರಿಯಿಟ್ಟ ಜಾಗದಲ್ಲಿ ಕಾಲೂರುವುದು ರೂಢಿಯಾದ ಮೇಲೆ 150ನ್ನು ಬಾಡಿಗೆಗೆ ತೆಗೆದುಕೊಂಡು ನೋಡುತ್ತೇನೆ.