ಜಾಂಗೋ ಫಾರ್ಮ್‌ಸೆಟ್: ಆರು ವರ್ಷ ಬಳಸಿದ ಮೇಲೆ

ಒಂದು ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಂಗ್ ಆಪ್‌ಗಾಗಿ ಜಾಂಗೋ ಫಾರ್ಮ್‌ಸೆಟ್ ಬಳಸಲು ಶುರು ಮಾಡಿ ಆರು ವರ್ಷ ಆಯಿತು. ಜಾಂಗೋ ಎಂದರೆ ಪೈಥಾನ್ ಭಾಷೆಯಲ್ಲಿ ವೆಬ್ ಆಪ್ ಕಟ್ಟುವ ಸಾಧನ; ಒಂದೇ ತರಹದ ಹಲವು ಫಾರ್ಮ್‌ಗಳನ್ನು ಒಂದೇ ಪುಟದಲ್ಲಿ ನೋಡಿಕೊಳ್ಳುವ ಅದರ ಸೌಲಭ್ಯವೇ ಫಾರ್ಮ್‌ಸೆಟ್. ನಮ್ಮ ಬಿಲ್ಲಿನ ಒಂದೊಂದು ಸಾಲೂ ಒಂದೊಂದು ಫಾರ್ಮ್. ಗಿರಾಕಿ ಎರಡು ಸಾಮಾನು ಕೊಳ್ಳಬಹುದು, ನಲವತ್ತೂ ಕೊಳ್ಳಬಹುದು. ಬಿಲ್ಲಿಗೆ ಎಷ್ಟು ಸಾಲು ಬೇಕೆಂದು ಮೊದಲೇ ಗೊತ್ತಾಗುವುದಿಲ್ಲ, ಅಲ್ವಾ?

ಮೊದಲೆಲ್ಲ ಟೆಂಪ್ಲೇಟಿನಲ್ಲಿ (ಪುಟದ ಅಚ್ಚಿನಲ್ಲಿ) ಲೂಪ್ ಹಾಕಿ, ಫೀಲ್ಡ್ ಹೆಸರಿಗೆ ನಾನೇ ಅಂಕಿ ಅಂಟಿಸುತ್ತಿದ್ದೆ. ತುಂಬಿ ಕಳಿಸಿದ್ದನ್ನು ಓದುವ ಕೋಡ್, ಅಂದರೆ ವ್ಯೂನಲ್ಲಿ ಅದನ್ನೇ ಮತ್ತೆ ಬಿಡಿಸಬೇಕು. ಒಂದು ಕಡೆ ಅಂಡರ್‌ಸ್ಕೋರ್, ಇನ್ನೊಂದು ಕಡೆ ಹೈಫನ್ ಹಾಕಿದರೆ ಮುಗಿಯಿತು, ಡೇಟಾ ಸಿಗುವುದಿಲ್ಲ.

ಫಾರ್ಮ್‌ಸೆಟ್ ಹೆಸರನ್ನು ತಾನೇ ಇಡುತ್ತದೆ, ತಾನೇ ಓದುತ್ತದೆ. ಪ್ರಿಫಿಕ್ಸ್ (ಹೆಸರಿನ ಶುರುವಿನಲ್ಲಿ ಸೇರುವ ಪದ) 'ಐಟಮ್' ಎಂದು ಕೊಟ್ಟರೆ 'ಐಟಮ್-0-ರೇಟ್', 'ಐಟಮ್-1-ರೇಟ್' ಹೀಗೆ ಸಾಗುತ್ತದೆ. ಅದೇ ಪುಟದ ಪಾವತಿ ಸಾಲುಗಳಿಗೆ ಬೇರೆ ಪ್ರಿಫಿಕ್ಸ್ ಕೊಟ್ಟೆ, ಹೆಸರುಗಳು ಕಲಸಿಹೋಗಲಿಲ್ಲ. ಹೊಸ ಸಾಲಿಗೆ ಎಂಪ್ಟಿ ಫಾರ್ಮ್ ಎಂಬ ಖಾಲಿ ಅಚ್ಚು ಇದೆ. ಅದರಲ್ಲಿ ಅಂಕಿಯ ಜಾಗದಲ್ಲಿ ಒಂದು ಗುರುತಿನ ಪದ ಇರುತ್ತದೆ. ಜಾವಾಸ್ಕ್ರಿಪ್ಟ್‌ನಿಂದ ಅದನ್ನು ತೆಗೆದು ಮುಂದಿನ ಅಂಕಿ ಕೂರಿಸಿ, ಒಟ್ಟು ಎಷ್ಟು ಸಾಲು ಎಂದು ಹೇಳುವ, ಟೋಟಲ್ ಫಾರ್ಮ್ಸ್ ಎಂಬ ಮರೆಯಲ್ಲಿರುವ ಫೀಲ್ಡಿಗೆ ಒಂದು ಕೂಡಿಸಬೇಕು.

ನನಗೆ ಪೆಟ್ಟು ಬಿದ್ದಿದ್ದು ಈ ಟೋಟಲ್ ಫಾರ್ಮ್ಸ್‌ನಲ್ಲೇ. ಒಂದು ದಿನ ಮೂರು ಸಾಲಿನ ಹೊಸ ಬಿಲ್ಲಿನಲ್ಲಿ ನಡುವಿನ ಸಾಲನ್ನು ಅಳಿಸಿದರು. ನನ್ನ ಕೋಡ್ ಆ ಸಾಲನ್ನು ಪುಟದಿಂದ ಕಿತ್ತು, ಟೋಟಲ್ ಅನ್ನು 2ಕ್ಕೆ ಇಳಿಸಿತು. ಪುಟದಲ್ಲಿ ಉಳಿದಿದ್ದು 0 ಮತ್ತು 2 ಅಂಕಿಯ ಸಾಲುಗಳು. ಜಾಂಗೋ ಓದಿದ್ದು 0 ಮತ್ತು 1. 1 ಖಾಲಿ ಎಂದು ಸುಮ್ನೆ ಬಿಟ್ಟಿತು, 2ರ ಹತ್ತಿರ ಹೋಗಲೇ ಇಲ್ಲ. ಎರಡು ಡಬ್ಬ ಪೇಂಟ್ ಬಿಲ್ಲಿನಿಂದ ಮಾಯವಾಯಿತು. ಎರರ್ ಕೂಡ ಬರಲಿಲ್ಲ. ಅಂಗಡಿಯವರು ಸಂಜೆ ಲೆಕ್ಕ ತಾಳೆ ನೋಡುವಾಗ ಸಿಕ್ಕಿತು. ಆವತ್ತಿನಿಂದ ನಾನು ಸಾಲು ಕೀಳುವುದಿಲ್ಲ. ಪ್ರತಿ ಸಾಲಿಗೂ ಡಿಲೀಟ್ ಟಿಕ್‌ಬಾಕ್ಸ್ ಕೊಡುವ ಕ್ಯಾನ್ ಡಿಲೀಟ್ ಆನ್ ಮಾಡಿ, ಡಿಲೀಟ್ ಟಿಕ್ ಹಾಕಿ, ಸಾಲನ್ನು ಮರೆ ಮಾಡುತ್ತೇನೆ. ಟೋಟಲ್ ಹಾಗೇ ಇರುತ್ತದೆ.

ಸ್ಟಾಕ್ ಎಂಟ್ರಿ ಪುಟದಲ್ಲಿ ಇನ್ನೊಂದು ತೊಡಕು ಬಂತು. ಸಾಲಿಗೆ 6 ಫೀಲ್ಡ್, 170 ಸಾಲು, ಅಂದರೆ 1020. ಜಾಂಗೋ 1.10ರಿಂದ ಒಂದು ಸಲಕ್ಕೆ 1000 ಫೀಲ್ಡ್ ಎಂಬ ಮಿತಿ ಇದೆ, ದಾಟಿದರೆ 400 ಎರರ್, ಅಂದರೆ ಕಳಿಸಿದ್ದನ್ನು ಸರ್ವರ್ ತೆಗೆದುಕೊಳ್ಳುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಏರಿಸಬಹುದು. ನಾನು ಪುಟವನ್ನೇ ಎರಡು ಭಾಗ ಮಾಡಿದೆ, ತುಂಬುವವರಿಗೂ ಅದೇ ಹಗುರ ಅನ್ನಿಸಿತು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಸಾಲು ಸೇರಿಸುವ ಜಾವಾಸ್ಕ್ರಿಪ್ಟ್ ಜಾಂಗೋ ಅಡ್ಮಿನ್‌ನಲ್ಲಿ (ಜಾಂಗೋ ಜೊತೆಗೇ ಬರುವ ನಿರ್ವಹಣೆಯ ಪುಟಗಳಲ್ಲಿ) ಸಿದ್ಧವಾಗಿದೆ, ನಮ್ಮ ಪುಟಗಳಿಗೆ ನಾವೇ ಬರೆಯಬೇಕು. ಪೇಂಟ್ ಡಬ್ಬ ಕಳೆದದ್ದು ಹಾಗೆ ಬರೆದ ಕೋಡಿನಲ್ಲೇ. ಐದನೆಯ ಸ್ಟಾರ್ ಅದಕ್ಕೇ ಹಿಡಿದಿಟ್ಟಿದ್ದೇನೆ.