ಮೂರನೇ ಗೇಟಿನ ಬಳಿಯ ಖಾನಾವಳಿ: ಹದಿನಾಲ್ಕು ತಿಂಗಳು ಉಂಡ ಮೇಲೆ

ಖಾನಾವಳಿಯ ಹೆಸರು ಹಾಕುತ್ತಿಲ್ಲ. ಹಾಕಲೇ ಎಂದು ಮಾಲಕಿಯನ್ನೇ ಕೇಳಿದ್ದೆ. "ಬೇಡ ಕಾಕಾ. ಈಗ ಬರುವವರಿಗೇ ಒಂದು ಗಂಟೆಯ ಹೊತ್ತಿಗೆ ರೊಟ್ಟಿ ಸಾಲುತ್ತಿಲ್ಲ. ನೀವು ಬರೆದರೆ ಇನ್ನೂ ನಲವತ್ತು ಮಂದಿ ಬರುತ್ತಾರೆ, ಅವಸರದಲ್ಲಿ ರೊಟ್ಟಿ ಕೆಡುತ್ತದೆ, ಕೆಟ್ಟಿತು ಎಂದು ಬರೆಯುವವರೂ ನೀವೇ" ಎಂದರು. ಆದ್ದರಿಂದ ಗುರುತು ಇಷ್ಟೇ: ಬೆಳಗಾವಿಯ ಮೂರನೇ ರೈಲ್ವೆ ಗೇಟಿನಿಂದ ಉದ್ಯಮಬಾಗದ ಕಡೆಗೆ ಹೊರಟರೆ, ಖಾನಾಪುರ ರಸ್ತೆ ಬಿಟ್ಟು ಒಳಗೆ ತಿರುಗುವ ಓಣಿಯೊಂದರಲ್ಲಿ ಎಂಟು ಮೇಜಿನ ಖಾನಾವಳಿ. ಮಧ್ಯಾಹ್ನ ಎಣ್ಣೆಗಪ್ಪು ಅಂಗಿಯವರು ಎಲ್ಲಿ ನಿಂತು ಕಾಯುತ್ತಿದ್ದಾರೋ ಅದೇ.

ನಾನು ಊಟದ ಪರಿಣತನಲ್ಲ. ಇಪ್ಪತ್ತಾರು ವರ್ಷದಿಂದ ಫೌಂಡ್ರಿಯಲ್ಲಿ ಗುಣಮಟ್ಟ ತಪಾಸಣೆಯ ಕೆಲಸ. ಎರಕ ಹೊಯ್ದು ಬಂದ ಪಂಪಿನ ಕವಚವನ್ನು ತಿರುಗಿಸಿ ನೋಡಿ, ಸರಿಯಿಲ್ಲದ್ದರ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆಯುವುದೇ ನನ್ನ ಅನ್ನ. ಈ ಚಟ ಊಟದ ತಟ್ಟೆಯವರೆಗೂ ಬಂದಿದೆ. ಮನೆಯಲ್ಲಿ ಇದಕ್ಕಾಗಿ ಸಾಕಷ್ಟು ಬೈಸಿಕೊಂಡಿದ್ದೇನೆ. ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಹೆಂಡತಿ ಪುಣೆಗೆ ಹೋದಾಗ ಮಧ್ಯಾಹ್ನದ ಊಟಕ್ಕೆ ಈ ಖಾನಾವಳಿ ಹಿಡಿದೆ. ಐದು ತಿಂಗಳಿಗೆ ಅವಳು ಮರಳಿ ಬಂದಳು, ನಾನು ಖಾನಾವಳಿ ಬಿಡಲಿಲ್ಲ. ಅದಕ್ಕೂ ಬೈಸಿಕೊಂಡಿದ್ದೇನೆ.

ಆದರೆ ಮೊದಲ ಮೂರು ತಿಂಗಳು ದಿನವೂ ನಾಳೆಯಿಂದ ಬಿಡುತ್ತೇನೆ ಎಂದುಕೊಂಡೇ ಉಂಡಿದ್ದೇನೆ. ಪಲ್ಯಗಳ ಮೇಲೆ ನನ್ನ ದೂರಿರಲಿಲ್ಲ. ಬದನೆಯ ಎಣ್ಣೆಗಾಯಿ, ಮಡಿಕೆಕಾಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಪಕ್ಕಕ್ಕೆ ಹಸಿ ಮೆಂತ್ಯ ಸೊಪ್ಪು, ಹೆಚ್ಚಿದ ಉಳ್ಳಾಗಡ್ಡಿ, ಎಲ್ಲವೂ ಇರುತ್ತಿತ್ತು. ಕೆಟ್ಟದ್ದು ರೊಟ್ಟಿ. ಅಂಚು ಸೀಳಿರುತ್ತಿತ್ತು, ನಡುವೆ ಹಸಿ ಹಿಟ್ಟು, ಒಂದು ಬದಿ ದಪ್ಪ, ಇನ್ನೊಂದು ಬದಿ ಕಾಗದ. ರೊಟ್ಟಿ ಊಟದಲ್ಲಿ ರೊಟ್ಟಿಯೇ ಹೀಗಾದರೆ ಎಣ್ಣೆಗಾಯಿಯನ್ನು ಏನು ಮಾಡಬೇಕು? ಡೈರಿಯ ಹಿಂದಿನ ಪುಟದಲ್ಲಿ ಗೀಟು ಹಾಕತೊಡಗಿದೆ. ಒಂದು ತಿಂಗಳಲ್ಲಿ 24 ಊಟ. ಸೀಳದ ರೊಟ್ಟಿ ಬಿದ್ದದ್ದು 7 ದಿನ. ನಮ್ಮಲ್ಲಿ ಈ ಲೆಕ್ಕ ಬಂದಿದ್ದರೆ ಫೌಂಡ್ರಿಗೆ ಬೀಗ ಬೀಳುತ್ತಿತ್ತು.

ಆಗ ಗಲ್ಲೆಯ ಮೇಲೆ ಕೂಡುತ್ತಿದ್ದವರು ಈಗಿನ ಮಾಲಕಿಯ ಮಾವ. ಅಡುಗೆಮನೆಗೂ ಮೇಜುಗಳಿಗೂ ನಡುವೆ ಅರ್ಧ ಗೋಡೆ ಇರುವುದರಿಂದ ಒಳಗಿನ ರಾಮಾಯಣವೆಲ್ಲ ಹೊರಗೆ ಕೇಳುತ್ತಿತ್ತು. ರೊಟ್ಟಿ ಬಡಿಯುವ ಇಬ್ಬರು ಹೆಣ್ಣುಮಕ್ಕಳಿಗೆ ರೊಟ್ಟಿಗಿಷ್ಟು ಎಂದು ಲೆಕ್ಕ. ಕೆಟ್ಟ ರೊಟ್ಟಿಯನ್ನು ಎಣಿಕೆಯಿಂದ ಕಳೆಯುತ್ತಿದ್ದರು, ಎಣಿಸಲು ಒಬ್ಬ ಹುಡುಗನಿದ್ದ. ಆ ಹುಡುಗನೋ ಬಡಿಯುವವರ ಓಣಿಯವನೇ. ಸೀಳಿದ್ದನ್ನು ಬುಟ್ಟಿಯ ತಳಕ್ಕೆ ಹಾಕಿ ಮೇಲೆ ಒಳ್ಳೆಯದನ್ನು ಮುಚ್ಚುತ್ತಿದ್ದ. ತಡವಾಗಿ ಬರುವ ನನ್ನಂಥವನ ತಟ್ಟೆಗೆ ತಳದ ರೊಟ್ಟಿ. ತೀರ ಕೆಟ್ಟದ್ದನ್ನು ಒಲೆಯ ಪಕ್ಕದಲ್ಲಿ ಒಣಗಿಸಿ ಮರುದಿನ ಕಡಕ್ ರೊಟ್ಟಿ ಎಂದು ನೀಡುತ್ತಿದ್ದರು. ಮಾಲಕರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಕೆಟ್ಟ ರೊಟ್ಟಿಯೇ ಇರಲಿಲ್ಲ.

ಅವರನ್ನು ಬೈಯಲು ನನಗೆ ಬಾಯಿಲ್ಲ. ಹಲವು ವರ್ಷಗಳ ಹಿಂದೆ ಒಂದು ಜುಲೈ ತಿಂಗಳಲ್ಲಿ ನಮ್ಮ ಎರಕದಲ್ಲಿ ಬ್ಲೋಹೋಲ್, ಅಂದರೆ ಗಾಳಿತೂತು, ಹೆಚ್ಚಾದವು. ಕೆಲವು ಮೇಲೆಯೇ ಕಾಣುತ್ತವೆ, ಕೆಲವು ಮಷಿನ್ನಿಗೆ ಏರಿಸಿ ಚರ್ಮ ಸುಲಿದಾಗ ಹೊರಬೀಳುತ್ತವೆ. ನಾನು ಮೋಲ್ಡರುಗಳ, ಅಂದರೆ ಎರಕದ ಅಚ್ಚು ಕಟ್ಟುವವರ, ಹೆಸರನ್ನು ಬೋರ್ಡಿನ ಮೇಲೆ ಬರೆಸಿ, ಒಬ್ಬೊಬ್ಬರ ಮುಂದೆ ಅವರ ರಿಜೆಕ್ಷನ್ ಅಂಕಿ ಹಾಕಿಸಿದೆ. ವಾರದೊಳಗೆ ಅಂಕಿ ಇಳಿಯಿತು. ಮ್ಯಾನೇಜರರು ನನ್ನನ್ನು ಕರೆದು ಚಹಾ ಕುಡಿಸಿದರು. ಮುಂದಿನ ತಿಂಗಳು ಗಿರಾಕಿಯಿಂದ ಇಡೀ ಲಾಟ್ ವಾಪಸು ಬಂತು. ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿದಿದ್ದರು. ನಿಜವಾದ ಕಾರಣ ಬೆಳಗಾವಿಯ ಜಿಟಿಜಿಟಿ ಮಳೆ. ಕೋರುಗಳನ್ನು, ಅಂದರೆ ಎರಕದ ಒಳಗೆ ಪೊಳ್ಳು ಉಳಿಯಲೆಂದು ಅಚ್ಚಿನೊಳಗೆ ಕೂಡಿಸುವ ಮರಳಿನ ತುಂಡುಗಳನ್ನು, ಇಡುವ ಕೋಣೆಯ ತಗಡು ಸೋರುತ್ತಿತ್ತು, ಕೋರು ತೇವ ಹೀರಿತ್ತು. ಸುಮಾರು 1400 ಡಿಗ್ರಿಯ ಕಬ್ಬಿಣ ಮೇಲೆ ಬಿದ್ದಾಗ ಆ ತೇವ ಆವಿಯಾಗಿ, ಹೊರಹೋಗಲು ದಾರಿ ಸಿಗದೆ ಲೋಹದೊಳಗೇ ಉಳಿದಿತ್ತು. ತಗಡು ಹೊದಿಸುವುದು ಮೋಲ್ಡರನ ಕೈಯಲ್ಲಿತ್ತೇ?

ಆ ಲಾಟಿನ ದೆಸೆಯಿಂದ ನಮಗೆಲ್ಲ ಎರಡು ದಿನದ ತರಬೇತಿ ಆಯಿತು. 1950ರಲ್ಲಿ ಜಪಾನಿನ ಕಾರ್ಖಾನೆಯವರಿಗೆ ಗುಣಮಟ್ಟದ ಪಾಠ ಹೇಳಿದ ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಅವರ ಮಣಿಗಳ ಆಟ ಆಡಿಸಿದರು. ಪೆಟ್ಟಿಗೆಯಲ್ಲಿ 4000 ಮಣಿ, ಅದರಲ್ಲಿ 800 ಕೆಂಪು. ಐವತ್ತು ಕುಳಿಗಳಿರುವ ಹಲಗೆಯನ್ನು ಅದರೊಳಗೆ ಮುಳುಗಿಸಿ ಎತ್ತಬೇಕು, ಕೆಂಪು ಬರಬಾರದು. ನನಗೆ 14 ಕೆಂಪು ಬಂದವು. ತರಬೇತುದಾರ ಎಲ್ಲರೆದುರು ಬೈದ. ಪಕ್ಕದವನಿಗೆ 6; ಅವನಿಗೆ ಚಪ್ಪಾಳೆ. ಐದಕ್ಕೊಂದು ಕೆಂಪು ಇದ್ದ ಮೇಲೆ ಐವತ್ತಕ್ಕೆ ಹತ್ತರ ಆಸುಪಾಸು ಬಂದೇ ಬರುತ್ತದೆ, ಎತ್ತುವವನ ಕೈಚಳಕ ಇದರಲ್ಲಿ ಏನೂ ಇಲ್ಲ. ಆಟವೆಂದು ಗೊತ್ತಿದ್ದರೂ ನನ್ನ ಮುಖ ಬಿಸಿಯಾಯಿತು. ಮರುದಿನವೇ ಹೋಗಿ ಆ ಬೋರ್ಡು ಅಳಿಸಿದೆ ಎಂದು ಬರೆಯಲು ಆಸೆ. ಅಳಿಸಲಿಲ್ಲ. ಇನ್ನೂ ಎರಡು ವರ್ಷ ಅದು ಗೋಡೆಯ ಮೇಲೆಯೇ ಇತ್ತು.

ಖಾನಾವಳಿಗೆ ಬರೋಣ. ನಾಲ್ಕನೇ ತಿಂಗಳಲ್ಲಿ ಮಾವನವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿ ಸೊಸೆ ಗಲ್ಲೆಗೆ ಬಂದರು. ತವರು ವಿಜಯಪುರದ ಕಡೆ, ಬಿಳಿಜೋಳ ಬೆಳೆಯುವ ಮನೆ. ಮೊದಲ ದಿನ ಯಾರಿಗೂ ಏನೂ ಅನ್ನದೆ ಒಳಗೆ ಹೋಗಿ ತಾವೇ ರೊಟ್ಟಿ ಬಡಿಯಲು ಕುಳಿತರಂತೆ. ಅವರ ರೊಟ್ಟಿಯೂ ಸೀಳಿತು. ತಪಾಸಣೆ ಅಲ್ಲಿಗೇ ಮುಗಿಯಿತು: ತಪ್ಪು ಹಿಟ್ಟಿನದು. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಕುದಿಯುವ ನೀರು ಹಾಕಿ ನಾದಿದಾಗ ಬರುವ ಜಿಗುಟೇ ಅದಕ್ಕೆ ಆಸರೆ. ಬೀಸಿ ದಿನಗಳಾದಂತೆ ಹಿಟ್ಟು ಆ ಜಿಗುಟು ಕಳೆದುಕೊಳ್ಳುತ್ತದೆ. ಮಾವನವರು ಗಿರಣಿಗೆ ಹೋಗುವ ಖರ್ಚು ಉಳಿಯಲೆಂದು ಹದಿನೈದು ದಿನದ ಹಿಟ್ಟನ್ನು ಒಮ್ಮೆಗೇ ಬೀಸಿಸುತ್ತಿದ್ದರು. ಬಡಿಯುವವರಿಗೆ ಇದು ಗೊತ್ತಿರಲಿಲ್ಲವೇ ಎಂದು ನಾನು ಒಮ್ಮೆ ಕೇಳಿದೆ. "ಗೊತ್ತಿತ್ತು ಕಾಕಾ. ಎರಡು ಸಲ ಹೇಳಿದ್ದಾರೆ. ಕುಣಿಯಲು ಬಾರದವರು ನೆಲ ಡೊಂಕು ಎನ್ನುತ್ತಾರೆ ಎಂದು ಬೈಸಿಕೊಂಡ ಮೇಲೆ ಬಿಟ್ಟಿದ್ದಾರೆ."

ಈಗ ಮಾಲ್ದಂಡಿ ಜೋಳ, ಎರಡು ದಿನಕ್ಕೊಮ್ಮೆ ಬೀಸುವುದು. ನನಗೆ ಇದಕ್ಕಿಂತ ಹಿಡಿಸಿದ್ದು ಬೇರೆ. ಚೀಲ ಬಿಚ್ಚಿ ಮೊದಲ ಮುದ್ದೆ ನಾದಿದ ಮೇಲೆ ಹಿಟ್ಟು ಸರಿಯಿಲ್ಲ ಎಂದು ಬಡಿಯುವವರು ಅಂದರೆ ಚೀಲ ವಾಪಸು ಹೋಗುತ್ತದೆ. ಗಲ್ಲೆಯ ಮೇಲಿರುವವರನ್ನು ಕೇಳಬೇಕಾಗಿಲ್ಲ. ಒಮ್ಮೆ ನನ್ನ ಕಣ್ಣೆದುರೇ ಹೀಗಾಯಿತು. ಮೇಜುಗಳೆಲ್ಲ ತುಂಬಿದ್ದವು, ಇಪ್ಪತ್ತು ನಿಮಿಷ ರೊಟ್ಟಿಯಿಲ್ಲ. ಮಾಲಕಿ ಎಲ್ಲರಿಗೂ ಮಜ್ಜಿಗೆ ಕೊಡಿಸಿ, "ಹಿಟ್ಟು ಬರುತ್ತಿದೆ, ಅವಸರ ಇದ್ದವರು ಅನ್ನ ಉಣ್ಣಿರಿ" ಎಂದರು. ಇಬ್ಬರು ಎದ್ದು ಹೋದರು, ಅವರನ್ನು ತಡೆಯಲಿಲ್ಲ. ಟೊಯೊಟಾ ಕಾರ್ಖಾನೆಯಲ್ಲಿ ತಪ್ಪು ಕಂಡ ಕೆಲಸಗಾರ ತಲೆಯ ಮೇಲಿನ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. ಆ ಹಗ್ಗದ ಚಿತ್ರ ನಮ್ಮ ತರಬೇತಿ ಕೋಣೆಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ಕೂತಿದೆ. ಹಗ್ಗ ಇಲ್ಲ.

ರೊಟ್ಟಿಯ ಲೆಕ್ಕ ತೆಗೆದು ದಿನಗೂಲಿ ಮಾಡಿದರು. ಕೈ ನಿಧಾನವಾಗುತ್ತದೆ ಎಂದು ಮಾವನವರು ಹಾಸಿಗೆಯಲ್ಲಿದ್ದೇ ತಕರಾರು ತೆಗೆದರಂತೆ. ಅವರ ಮಾತು ಸುಳ್ಳಲ್ಲ, ನಿಧಾನವಾಯಿತು. ಮೂರನೆಯವರೊಬ್ಬರನ್ನು ಇಟ್ಟುಕೊಳ್ಳಬೇಕಾಯಿತು. ಈಗ ಬಡಿಯುವುದು, ಹಂಚಿನ ಮುಂದೆ ಕೂತು ಬೇಯಿಸುವುದು ಅರ್ಧ ಗಂಟೆಗೊಮ್ಮೆ ಅದಲುಬದಲು, ಮೂರನೆಯವರಿಗೆ ಅಷ್ಟು ಹೊತ್ತು ಝಳದಿಂದ ದೂರ ಕೆಲಸ. ಊಟದ ದರ 90 ರೂಪಾಯಿಯಿಂದ 110 ಆಯಿತು. ನನ್ನ ಮೇಜಿನ ನಾಲ್ವರಲ್ಲಿ ಒಬ್ಬರು ಇಪ್ಪತ್ತು ರೂಪಾಯಿಗಾಗಿ ಬಿಟ್ಟುಹೋದರು; ಅವರ ಸಂಬಳ ನನಗೆ ಗೊತ್ತಿರುವುದರಿಂದ ತಪ್ಪು ಎನ್ನಲಾರೆ. ಭಾನುವಾರ ಬಾಗಿಲು ಹಾಕುತ್ತಾರೆ. ವಾರಕ್ಕೊಂದು ಪೂರ್ತಿ ದಿನ ರಜೆ ಕೊಡಬೇಕೆಂದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಇದನ್ನು ಒಂದು ಹೋಟೆಲಿನಲ್ಲಿ ಬಾಯಿತಪ್ಪಿ ಹೇಳಿದ್ದಕ್ಕೆ ಅಲ್ಲಿಯ ಮಾಲಕರು, "ಹೊಟ್ಟೆಗೆ ರಜೆ ಇದೆಯೇ?" ಎಂದು ನನಗೇ ಕೇಳಿದರು.

ಇನ್ನೊಂದು ಪದ್ಧತಿ. ಹನ್ನೊಂದೂವರೆಗೆ, ಗಿರಾಕಿ ಬರುವ ಮೊದಲು, ಕೆಲಸದವರೆಲ್ಲ ಇದೇ ಮೇಜುಗಳ ಮೇಲೆ ಕೂತು ಅದೇ ಪಲ್ಯ, ಅದೇ ರೊಟ್ಟಿ ಉಣ್ಣುತ್ತಾರೆ. ಹಿಂದೆ ನಾಲ್ಕು ಗಂಟೆಗೆ, ಉಳಿದದ್ದನ್ನು, ನಿಂತುಕೊಂಡು ಉಣ್ಣುತ್ತಿದ್ದರು. ಉಪ್ಪು ಹೆಚ್ಚಾದರೆ, ಬದನೆಕಾಯಿ ಕಹಿಯಾಗಿದ್ದರೆ ಈಗ ಮೊದಲು ಗೊತ್ತಾಗುವುದು ಅವರಿಗೆ. ಒಂದು ದಿನ ಮಡಿಕೆಕಾಳು ಹಾಗೆಯೇ ತಟ್ಟೆಗೆ ಬರದೆ ಹೋಯಿತು. ಬದಲಿಗೆ ಝುಣಕ ಬಂತು, ನಾನು ಎರಡು ಸಲ ಹಾಕಿಸಿಕೊಂಡೆ. ನೀಡುವ ಹುಡುಗನಲ್ಲೂ ವ್ಯತ್ಯಾಸ ಇದೆ. ಹೊಟ್ಟೆ ತುಂಬಿದವನು ನೀಡುವ ರೀತಿಯೇ ಬೇರೆ. ಅಂದಹಾಗೆ ಅವನು ಹಳೆಯ ಎಣಿಸುವ ಹುಡುಗನೇ. ಎಣಿಸುವ ಕೆಲಸ ಈಗ ಇಲ್ಲ.

ಕಳೆದ ತಿಂಗಳ ಡೈರಿ: 25 ಊಟ, ಸೀಳದ ರೊಟ್ಟಿ 22 ದಿನ. ಈ ಅಂಕಿಯನ್ನು ಚಾರ್ಟು ಮಾಡಿ ಗೋಡೆಗೆ ಹಾಕಿಕೊಡಲೇ ತಂಗಿ ಎಂದು ಕೇಳಿದೆ. "ರೊಟ್ಟಿ ಮುರಿದರೆ ಅವರಿಗೆ ಗೊತ್ತಾಗುವುದಿಲ್ಲವೇ ಕಾಕಾ? ಯಾರು ಓದಲಿ ಎಂದು?" ಎಂದರು. ನನ್ನ ಇಪ್ಪತ್ತಾರು ವರ್ಷದ ಸರ್ವೀಸಿಗೆ ಅದೊಂದು ಪ್ರಮಾಣಪತ್ರ.

ದೂರುಗಳಿಲ್ಲ ಎಂದಲ್ಲ. ಕೈ ತೊಳೆಯುವ ನಳ ಬಿಗಿಯಿಲ್ಲದೆ ಅಂಗಿಯ ತೋಳಿಗೇ ಸಿಡಿಯುತ್ತದೆ, ಎಂಟು ತಿಂಗಳಿಂದ ಹೇಳುತ್ತಿದ್ದೇನೆ. ಸಾರಿನ ಮೇಲೆ ಎಣ್ಣೆ ಬೆರಳುದ್ದ ನಿಂತಿರುತ್ತದೆ. ಮೊಬೈಲಿನಲ್ಲಿ ಹಣ ಕಟ್ಟಿದಾಗ ಕೂಗುವ ಪೆಟ್ಟಿಗೆಯನ್ನು ಗಲ್ಲೆಯ ಪಕ್ಕದ ಮೇಜಿಗೇ ಇಟ್ಟಿದ್ದಾರೆ, ಅಲ್ಲಿ ಕೂಡಬೇಡಿ. ಕಡಕ್ ರೊಟ್ಟಿ ಮಳೆಗಾಲದಲ್ಲಿ ಸಿಗುವುದಿಲ್ಲ. ಬೆಳಗಾವಿಯ ತೇವಕ್ಕೆ ಮೆತ್ತಗಾಗುತ್ತದೆ ಎಂದು ಜೂನಿನಿಂದ ನಿಲ್ಲಿಸುತ್ತಾರೆ. ಇದು ದೂರಲ್ಲ, ನಮ್ಮ ಕೋರಿನ ಕೋಣೆಗೆ ಬಾರದ ಬುದ್ಧಿ. ಶನಿವಾರ ಪುಂಡಿಪಲ್ಯ ಇರುತ್ತದೆ, ಒಂದೂವರೆಯೊಳಗೆ ಮುಗಿಯುತ್ತದೆ.

ಸೋಮವಾರ ಮಾತ್ರ ಯೋಚಿಸಿ ಹೋಗಿ. ಮಾವನವರ ಕಾಲು ಸುಧಾರಿಸಿದೆ, ಅಂದು ಅವರೇ ಗಲ್ಲೆಯ ಮೇಲಿರುತ್ತಾರೆ, ದನಿ ಹಳೆಯದೇ. ಕಳೆದ ಸೋಮವಾರ ಒಳಗಿನಿಂದ ಹಿಟ್ಟು ಸರಿಯಿಲ್ಲ ಎಂಬ ಮಾತು ಬಂತು. "ಇರುವುದರಲ್ಲೇ ಬಡಿಯಿರಿ" ಎಂದು ಇವರು ಕೂಗಿದರು. ಉತ್ತರವೂ ಬರಲಿಲ್ಲ, ಬಡಿತದ ಸದ್ದೂ ಬರಲಿಲ್ಲ. ನಾವು ನಮ್ಮ ನಮ್ಮ ತಟ್ಟೆಯ ಉಳ್ಳಾಗಡ್ಡಿ ನೋಡುತ್ತ ಕೂತೆವು. ಐದು ನಿಮಿಷಕ್ಕೆ ಅವರು ಕನ್ನಡಕ ಹಣೆಗೇರಿಸಿ, ಮೊಬೈಲು ದೂರ ಹಿಡಿದು ಗಿರಣಿಯವರ ನಂಬರು ಹುಡುಕತೊಡಗಿದರು. ಕಾಯಲು ನನಗೆ ಹೊತ್ತಿರಲಿಲ್ಲ. ಅನ್ನ ಉಂಡು ಎದ್ದೆ.